ಹೊಲಿಗೆ ಬಿಚ್ಚಲಿಲ್ಲ, ಬಟ್ಟೆಯೇ ಹರಿಯಿತು: ಹಳೇ ಸೀರೆಯ ಫ್ರಾಕಿನ ಕತೆ

ಪ್ರಶ್ನೆ: ಅತ್ತೆಯವರ ಹಳೇ ಕಾಟನ್ ಸೀರೆಯಲ್ಲಿ ಎರಡು ವರ್ಷದ ಮಗಳಿಗೆ ಫ್ರಾಕ್ ಹೊಲಿದೆ. ನಾಲ್ಕು ಸಲ ಒಗೆಯುವಷ್ಟರಲ್ಲಿ ಕಂಕುಳ ಹತ್ತಿರ ಹರಿಯಿತು. ನನ್ನ ಹೊಲಿಗೆ ಸರಿಯಿಲ್ಲವೋ, ಹಳೇ ಬಟ್ಟೆಯೇ ಮಕ್ಕಳಿಗೆ ಆಗಿಬರುವುದಿಲ್ಲವೋ?
(ಡೊಂಬಿವಲಿಯ ಓದುಗರೊಬ್ಬರು)

ಹರಿದ ಜಾಗವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ. ದಾರ ಹಾಗೇ ಇದ್ದು, ಅದರ ಮಗ್ಗುಲಲ್ಲೇ ಬಟ್ಟೆ ಗೆರೆ ಎಳೆದಂತೆ ಬಿಟ್ಟಿದೆಯೇ? ಹಾಗಿದ್ದರೆ ನಿಮ್ಮ ಹೊಲಿಗೆ ಗಟ್ಟಿಯಾಗಿಯೇ ಇದೆ. ತೊಂದರೆ ಆಗಿದ್ದೂ ಅದರಿಂದಲೇ.

ಈಗ ಅಂಗಡಿಯಲ್ಲಿ ಕೊಡುವ ರೀಲು ಹೆಚ್ಚಾಗಿ ಪಾಲಿಯೆಸ್ಟರ್. ವರ್ಷಗಟ್ಟಲೆ ಒಗೆದು ಸವೆದ ಹತ್ತಿ ನೂಲು ಅದರ ಮುಂದೆ ಏನೂ ಅಲ್ಲ. ಮಗು ಕೈ ಎತ್ತಿದಾಗ ಎಳೆತ ಬೀಳುತ್ತದೆ, ದಾರ ಹರಿಯುವುದಿಲ್ಲ, ಪಕ್ಕದ ಬಟ್ಟೆಯೇ ಹರಿಯುತ್ತದೆ. 'ಗಟ್ಟಿಯಾಗಿರಲಿ' ಅಂತ ಹೊಲಿಗೆ ಒತ್ತೊತ್ತಾಗಿ ಹಾಕಿದ್ದರಂತೂ ಮುಗಿಯಿತು, ಅಂಚೆ ಚೀಟಿ ಹಾಳೆಯಲ್ಲಿ ತೂತು ಹೊಡೆದ ಹಾಗೆ, ಹರಿಯಬೇಕಾದ ದಾರಿಯನ್ನು ನಾವೇ ತೋರಿಸಿಕೊಟ್ಟಂತೆ. ನಾನೂ ಮೊದಮೊದಲು ಇದನ್ನೇ ಮಾಡಿದ್ದೆ, ಹರಿದಲ್ಲೆಲ್ಲ ಮೇಲೆ ಮತ್ತೆರಡು ಸಾಲು ಹೊಡೆದು ಇನ್ನಷ್ಟು ಕೆಡಿಸಿದ್ದೆ.

ಆದ್ದರಿಂದ ಕಾಟನ್ ದಾರ, ಹೊಸದಾದ 11 ನಂಬರ್ ಸೂಜಿ, ಹೊಲಿಗೆಯ ಉದ್ದ 3 ಮಿಲಿಮೀಟರ್. ಅಂಚಿಗೆ ಅರ್ಧ ಇಂಚಿಗಿಂತ ಕಡಿಮೆ ಬಿಡಬೇಡಿ.

ಇನ್ನು ಸೀರೆ. 5.5 ಮೀಟರ್ ಪೂರ್ತಿ ಒಂದೇ ಸಮ ಸವೆಯುವುದಿಲ್ಲ. ಸೊಂಟ ಸುತ್ತಿ ಹಿಂದೆ ಹೋಗುವ ಭಾಗ ಕೂತು ಕೂತು ಸೋತಿರುತ್ತದೆ. ಭುಜದ ಹತ್ತಿರ ಪಿನ್ನಿನ ತೂತು, ಕೆಳಗೆ ಫಾಲ್ ಕಿತ್ತ ಗುರುತು. ನೆರಿಗೆಯ ಭಾಗ ಮಾತ್ರ ಮಡಿಕೆಯೊಳಗೆ ಆರಾಮಾಗಿ ಇದ್ದುಬಿಡುತ್ತದೆ, ಅಂಚಿನಿಂದ ಒಂದು ಗೇಣು ಬಿಟ್ಟರೆ ಮೇಲಿನದೆಲ್ಲ ಚೆನ್ನಾಗಿರುತ್ತದೆ. ಅಜ್ಜಿಯ ಒಂಬತ್ತು ಗಜದ ಸೀರೆಯಾದರೆ ಕಚ್ಚೆಯ ಭಾಗದ ಆಸೆಯನ್ನೇ ಬಿಡಿ.

ಪರೀಕ್ಷೆ ಸುಲಭ. ನಮ್ಮ ಚಾಳಿಗೆ (ಸಾಲುಮನೆಗಳ ವಠಾರಕ್ಕೆ) ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ಭಾಂಡಿವಾಲಿ ಬರುತ್ತಿದ್ದಳು. ಸೀರೆಯನ್ನು ಬಿಚ್ಚಿ ಬೆಳಕಿಗೆ ಹಿಡಿದು, ಎರಡು ಹೆಬ್ಬೆರಳು ಒತ್ತಿ ಅಡ್ಡಡ್ಡ ಜಗ್ಗುತ್ತಿದ್ದಳು. ಚರ್ ಅಂದರೆ ಬಾಯಿ ಸೊಟ್ಟ ಮಾಡಿ ಪಕ್ಕಕ್ಕೆ. ಅವಳು ಪುಟ್ಟ ಡಬ್ಬಿಗೂ ಒಪ್ಪದ ಬಟ್ಟೆಯನ್ನು ನಾವು ಓಡಾಡುವ ಕೂಸಿಗೆ ತೊಡಿಸಿ ಬಾಳಲಿಲ್ಲ ಅನ್ನುತ್ತೇವೆ!

ಹಾಗಂತ ಸವೆದದ್ದು ದಂಡವಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ನೋಡಿ ನಗುತ್ತೇವೆ, ಆದರೆ ಕುಲಾವಿಗೂ ಎಳೆಗೂಸಿನ ಸಡಿಲ ಅಂಗಿ ಝಬಲೆಗೂ ಸವೆದು ಮೆತ್ತಗಾದ ಬಟ್ಟೆಯೇ ಮೇಲು. ಮಲಗಿದ ಕೂಸು ಬಟ್ಟೆಯನ್ನು ಅಷ್ಟು ಜಗ್ಗುವುದಿಲ್ಲ. ಅದಕ್ಕೂ ಆಗದ್ದು ಕೌದಿಗೆ, ಇಲ್ಲಿಯ ಮರಾಠಿಗರ ಗೋಧಡಿಗೆ. ಪದರದ ಮೇಲೆ ಪದರ ಇಟ್ಟು ಹೊಲಿದಾಗ ಎಳೆತ ಎಲ್ಲಕ್ಕೂ ಹಂಚಿಹೋಗುತ್ತದೆ. ಜರಿಯ ರೇಷ್ಮೆ ಸೀರೆ ಬೇರೆ ಪಂಥ: ಮಡಿಕೆಯಲ್ಲಿ ಸೀಳುತ್ತದೆ, ಜರಿ ಚುಚ್ಚುತ್ತದೆ, ಒಳಗೆ ಮಲ್ (ತೆಳು ಹತ್ತಿ ಬಟ್ಟೆ) ಲೈನಿಂಗ್ ಇಲ್ಲದೆ ಮಗುವಿಗೆ ಬೇಡ.

ನಿಮ್ಮ ಫ್ರಾಕಿಗೆ ನಾನು ಮಾಡುವ ಉಪಾಯ ಇದು. ಎಳೆತವೆಲ್ಲ ಭುಜ, ಕಂಕುಳು, ಎದೆಯ ಮೇಲೆ. ಕೆಳಗಿನ ಅಗಲವಾದ ಘೇರಿಗೆ ಏನೂ ಇಲ್ಲ. ಹಾಗಾಗಿ ಮೇಲಿನ ಯೋಕನ್ನು, ಅಂದರೆ ಭುಜದಿಂದ ಸೊಂಟದವರೆಗಿನ ಭಾಗವನ್ನು, ಮನೆಯವರ ಹಳೇ ಕಾಟನ್ ಶರ್ಟಿನಿಂದ ತೆಗೆಯಿರಿ. ಶರ್ಟಿನಲ್ಲಿ ಮೊದಲು ಹೋಗುವುದು ಕಾಲರು, ಕಂಕುಳು. ಬೆನ್ನು ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಬೆನ್ನಿನ ಬಟ್ಟೆ ಫ್ರಾಕಿನ ಮುಂಭಾಗಕ್ಕೆ. ಗುಂಡಿ ಪಟ್ಟಿಯಿರುವ ಮುಂಭಾಗವನ್ನು ತಿರುಗಿಸಿ ಫ್ರಾಕಿನ ಹಿಂಭಾಗಕ್ಕೆ ಇಟ್ಟು ಕತ್ತರಿಸಿದರೆ ಕಾಜಾ, ಗುಂಡಿ ಎರಡೂ ಸಿದ್ಧ, ನಮಗೆ ಆ ಕಿರಿಕಿರಿಯೂ ಇಲ್ಲ. ಗುಂಡಿಗಳನ್ನು ಮಾತ್ರ ಬಿಚ್ಚಿ ಮತ್ತೆ ಗಟ್ಟಿಯಾಗಿ ಹೊಲಿಯಿರಿ, ಎರಡು ವರ್ಷದವರಿಗೆ ಸಿಕ್ಕಿದ್ದೆಲ್ಲ ಬಾಯಿಗೆ. ಮಗುವಿನ ಎದೆ 20 ಇಂಚಿದ್ದರೆ ಯೋಕ್ 24ಕ್ಕೆ ಇಡಿ. ಬಿಗಿಯಾದ ಫ್ರಾಕ್ ಹೊಸ ಬಟ್ಟೆಯದಾದರೂ ಹರಿಯುತ್ತದೆ. ಕುತ್ತಿಗೆಗೆ, ತೋಳಿಗೆ ಶರ್ಟಿನದ್ದೇ ಕ್ರಾಸ್ ಪಟ್ಟಿ (ಓರೆಯಾಗಿ ಕತ್ತರಿಸಿದ ಪಟ್ಟಿ).

ಹರಿದದ್ದನ್ನು ಎಸೆದಿಲ್ಲ ತಾನೇ? ಸೊಂಟದ ಹೊಲಿಗೆ ಬಿಚ್ಚಿದರೆ ಘೇರು ಇಡೀಯಾಗಿ ಸಿಗುತ್ತದೆ. ನೆರಿಗೆ ದಾರ ಎಳೆದುಬಿಡಬೇಡಿ, ಹಾಗೇ ಹೊಸ ಯೋಕಿಗೆ ಕೂಡಿಸಿ. ಮಧ್ಯಾಹ್ನ ಮಗು ಮಲಗಿ ಏಳುವುದರೊಳಗೆ ಆಗುವ ಕೆಲಸ.