ಲ್ಯಾಪ್‌ಟಾಪ್‌ಗೆ ವಯಸ್ಸಾಗಿಲ್ಲ, ಡಿಸ್ಕ್ ಕಾಯಿಸ್ತಿದೆ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಭದ್ರತಾ ಅಪ್‌ಡೇಟ್‌ಗಳು ನಿಂತವು. ಅಲ್ಲಿಂದೀಚೆಗೆ ಶಿವಮೊಗ್ಗದಲ್ಲಿ, ತೀರ್ಥಹಳ್ಳಿಯಲ್ಲಿ, ಸಾಗರದಲ್ಲಿ ನನ್ನ ಪರಿಚಯದವರು ಕೇಳುವ ಪ್ರಶ್ನೆ ಒಂದೇ. ಈ ಹಳೇ ಲ್ಯಾಪ್‌ಟಾಪ್‌ಗೆ ವಿಂಡೋಸ್ ಹನ್ನೊಂದು ಹಾಕಿಸಬಹುದಾ, ಇಲ್ಲ ಹೊಸದೇ ತಗೋಬೇಕಾ? ಅಂಗಡಿಯಲ್ಲಿ ಸಿಗುವ ಉತ್ತರವೂ ಹೆಚ್ಚು ಕಡಿಮೆ ಒಂದೇ. "ಎಂಟು ವರ್ಷ ಆಯ್ತಲ್ಲ, ವಯಸ್ಸಾಯ್ತು, ಅದಕ್ಕೇ ಸ್ಲೋ."

ಈ "ವಯಸ್ಸಾಯ್ತು" ಅನ್ನುವ ಮಾತು ನನಗೆ ಬಹಳ ಬೇಸರ ತರಿಸುತ್ತದೆ. ಪ್ರೊಸೆಸರ್‌ಗೆ ಮಂಡಿ ನೋವು ಬರುವುದಿಲ್ಲ. ಅದರ ತಾಳವನ್ನು ಕಾಯುವುದು ಒಂದು ಸಣ್ಣ ಕ್ವಾರ್ಟ್ಜ್ ಹರಳು. 2016ರಲ್ಲಿ ಸೆಕೆಂಡಿಗೆ 250 ಕೋಟಿ ಮಿಡಿತದಲ್ಲಿ ಓಡುತ್ತಿದ್ದ ಪ್ರೊಸೆಸರ್ ಇವತ್ತೂ ಅಷ್ಟೇ ಓಡಬಲ್ಲದು. ನಿಜವಾಗಿ ಹಳತಾಗುವುದು ಬ್ಯಾಟರಿ, ಫ್ಯಾನು, ಮತ್ತೆ ಪ್ರೊಸೆಸರ್ ಮೇಲೆ ಸವರಿರುವ ಶಾಖದ ಪೇಸ್ಟು. ನಮ್ಮ ಕಡೆ ಮಳೆಗಾಲದ ಥಂಡಿಗೆ ಧೂಳು ಒದ್ದೆಯಾಗಿ ಫ್ಯಾನಿನ ಹಿಂದಿನ ಜಾಲರಿಗೆ ಅಂಟಿಕೊಂಡು ಕೂರುತ್ತದೆ. ಗಾಳಿ ಹೋಗದೆ ಬಿಸಿ ಜಾಸ್ತಿಯಾದರೆ ಪ್ರೊಸೆಸರ್ ತಾನಾಗಿ ವೇಗ ಇಳಿಸಿಕೊಳ್ಳುತ್ತದೆ. ಅದನ್ನು ಬಿಚ್ಚಿ ಸ್ವಚ್ಛ ಮಾಡಿ ಹೊಸ ಪೇಸ್ಟ್ ಹಾಕಿದರೆ ಮುಗಿಯಿತು.

ಇನ್ನೊಂದು ನಂಬಿಕೆ ಇದೆ. ಡೆಸ್ಕ್‌ಟಾಪ್ ಮೇಲೆ ರೈಟ್ ಕ್ಲಿಕ್ ಮಾಡಿ ರಿಫ್ರೆಶ್, ರಿಫ್ರೆಶ್, ರಿಫ್ರೆಶ್. ಕಾಲೇಜಿನ ಲ್ಯಾಬ್‌ನಲ್ಲಿ ಶುರುವಾದ ಈ ಅಭ್ಯಾಸ ನೌಕರಿಗೆ ಸೇರಿದ ಮೇಲೂ ಬಿಡುವುದಿಲ್ಲ. ಆ ಬಟನ್ ಮಾಡುವ ಕೆಲಸ ಇಷ್ಟೇ: ಪರದೆ ಮೇಲಿನ ಐಕಾನ್‌ಗಳ ಪಟ್ಟಿಯನ್ನು ಮತ್ತೊಮ್ಮೆ ಓದಿ ಮತ್ತೊಮ್ಮೆ ಬರೆಯುವುದು. ರ‍್ಯಾಮ್ ಖಾಲಿಯಾಗುವುದಿಲ್ಲ, ವೇಗ ಹೆಚ್ಚುವುದಿಲ್ಲ. ಸುಮ್ನೆ ಇನ್ನೊಂದು ಕೆಲಸ ಹೇಳಿದ ಹಾಗಾಗುತ್ತದೆ. ಮಂತ್ರ ಜಪಿಸಿದ ಹಾಗೆ ಇದನ್ನು ಒತ್ತುವ ಬದಲು, ಯಂತ್ರ ಏನು ಮಾಡುತ್ತಿದೆ ಅಂತ ಅದನ್ನೇ ಕೇಳಬಹುದು.

ಕೇಳುವುದು ಸುಲಭ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಆಗಷ್ಟೇ ಆನ್ ಮಾಡಿದ ಹಳೇ ಲ್ಯಾಪ್‌ಟಾಪಿನಲ್ಲಿ ಕಾಣುವುದು ಬಹುತೇಕ ಹೀಗಿರುತ್ತದೆ: ಸಿಪಿಯು (ಅಂದರೆ ಪ್ರೊಸೆಸರ್) 8 ಪರ್ಸೆಂಟ್, ಡಿಸ್ಕ್ 100 ಪರ್ಸೆಂಟ್. ಡಿಸ್ಕ್ ಮೇಲೆ ಕ್ಲಿಕ್ ಮಾಡಿ ಒಳಗೆ ಹೋದರೆ ಇನ್ನೂ ವಿಚಿತ್ರ. ಓದುತ್ತಿರುವ ವೇಗ ಸೆಕೆಂಡಿಗೆ ಒಂದು ಎಂಬಿ ಆಸುಪಾಸು. ಅದೇ ಡಿಸ್ಕ್‌ನಿಂದ ದೊಡ್ಡದೊಂದು ಸಿನಿಮಾ ಫೈಲ್ ಕಾಪಿ ಮಾಡಿದರೆ ಸೆಕೆಂಡಿಗೆ 100 ಎಂಬಿಯ ಹತ್ತಿರ ಹೋಗುತ್ತದೆ. ಹಾಗಾದರೆ ಒಂದೇ ಎಂಬಿಗೆ ನೂರಕ್ಕೆ ನೂರು ಸುಸ್ತಾಗುವುದು ಹೇಗೆ? ನನ್ನ ಪ್ರಕಾರ ಹಳೇ ಲ್ಯಾಪ್‌ಟಾಪಿನ ಕಥೆಯೆಲ್ಲ ಈ ಒಂದು ಪ್ರಶ್ನೆಯಲ್ಲಿದೆ.

ಹಾರ್ಡ್ ಡಿಸ್ಕ್ ಒಳಗೆ ಕನ್ನಡಿಯ ಹಾಗೆ ಹೊಳೆಯುವ ಒಂದೋ ಎರಡೋ ತಟ್ಟೆ ತಿರುಗುತ್ತಿರುತ್ತವೆ. ಲ್ಯಾಪ್‌ಟಾಪ್ ಡಿಸ್ಕ್‌ಗಳಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು. ಅಂದರೆ ಸೆಕೆಂಡಿಗೆ 90 ಸುತ್ತು, ಒಂದು ಸುತ್ತಿಗೆ 11 ಮಿಲಿಸೆಕೆಂಡು. ತಟ್ಟೆಯ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ಓದುವ ತಲೆ ತೇಲುತ್ತಿರುತ್ತದೆ. ಅದು ಒಂದು ತೋಳಿನ ತುದಿಯಲ್ಲಿದೆ. ಬೇಕಾದ ಮಾಹಿತಿ ಎಲ್ಲಿದೆಯೋ ಆ ಸಾಲಿಗೆ ತೋಳು ಜರುಗಬೇಕು, ಅದಕ್ಕೆ ಸುಮಾರು 12 ಮಿಲಿಸೆಕೆಂಡು. ಆಮೇಲೆ ಆ ಜಾಗ ತಿರುಗಿ ತಲೆಯ ಕೆಳಗೆ ಬರುವ ತನಕ ಕಾಯಬೇಕು, ಸರಾಸರಿ ಅರ್ಧ ಸುತ್ತು. ಎರಡೂ ಸೇರಿ 17 ಮಿಲಿಸೆಕೆಂಡು. ಹಾಗಾಗಿ ಬೇರೆ ಬೇರೆ ಜಾಗದ ಮಾಹಿತಿ ಕೇಳಿದರೆ ಸೆಕೆಂಡಿಗೆ ಹತ್ತಿರತ್ತಿರ 60 ಸಲ ಮಾತ್ರ ತಂದುಕೊಡಬಲ್ಲದು. ಪ್ರತಿ ಸಲ ಸಿಗುವುದು ಒಂದು ಚೂರು, 16 ಕೆಬಿ ಅಂತಿಟ್ಟುಕೊಳ್ಳಿ. ಗುಣಿಸಿ ನೋಡಿದರೆ ಒಂದು ಎಂಬಿ ಬಂತು!

ನಮ್ಮ ಅಂಚೆಯಣ್ಣನನ್ನು ನೆನೆಸಿಕೊಳ್ಳಿ. ಶಿವಮೊಗ್ಗ ಪೇಟೆಯ ದುರ್ಗಿಗುಡಿ ಬೀದಿಯಲ್ಲಾದರೆ ಬಾಗಿಲ ಪಕ್ಕ ಬಾಗಿಲು. ನಡೆಯುತ್ತಾ ಹೋದಂತೆ ಕಾಗದ ಹಂಚುತ್ತಾ ಹೋಗಬಹುದು. ಅದೇ ಮನುಷ್ಯನನ್ನು ಹೊಸನಗರದ ಕಡೆಯ ಒಂದು ಹಳ್ಳಿಗೆ ಹಾಕಿ. ಅಲ್ಲಿ ಊರು ಅಂದರೆ ಒಂದು ಗುಡ್ಡಕ್ಕೊಂದು ಮನೆ. ತೋಟ ಇಳಿದು, ಕಾಲುಸಂಕ ದಾಟಿ, ಇನ್ನೊಂದು ಗುಡ್ಡ ಹತ್ತಿ, ದಣಪೆ ತೆಗೆದು ಒಂದು ಕಾಗದ ಕೊಡಬೇಕು. ಕಾಲಿನ ವೇಗ ಎರಡು ಕಡೆಯೂ ಒಂದೇ. ದಿನದ ಕೊನೆಗೆ ಹಂಚಿದ ಕಾಗದದ ಲೆಕ್ಕ ಬೇರೆ. ಸಿನಿಮಾ ಫೈಲ್ ದುರ್ಗಿಗುಡಿ ಇದ್ದ ಹಾಗೆ, ಎಲ್ಲ ಸಾಲಾಗಿ ಕೂತಿರುತ್ತದೆ. ವಿಂಡೋಸ್ ಎದ್ದೇಳುವಾಗ ಬೇಕಾಗುವ ಸಾವಿರಾರು ಸಣ್ಣ ಫೈಲ್‌ಗಳು ಗುಡ್ಡಕ್ಕೊಂದು ಮನೆ. ಅದೂ ಒಬ್ಬರೇ ಕರೆಯುವುದಿಲ್ಲ. ವೈರಸ್ ಸ್ಕ್ಯಾನರ್ ಈ ಗುಡ್ಡದಿಂದ ಕೂಗುತ್ತದೆ, ಅಪ್‌ಡೇಟ್ ಆ ಗುಡ್ಡದಿಂದ, ಫೈಲ್ ಹುಡುಕುವ ಸೇವೆ ಮೂರನೇ ಗುಡ್ಡದಿಂದ. ಅರ್ಧ ದಾರಿ ಹೋದವನನ್ನು ವಾಪಸ್ ಕರೆದರೆ ಏನಾಗಬೇಕೋ ಅದೇ ಆಗುತ್ತದೆ.

ಅಷ್ಟು ಹೊತ್ತೂ ಪ್ರೊಸೆಸರ್ ಏನು ಮಾಡುತ್ತದೆ? ಕಾಯುತ್ತದೆ. 17 ಮಿಲಿಸೆಕೆಂಡು ನಮಗೆ ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ. ಪ್ರೊಸೆಸರ್‌ಗೆ ಅದು ನಾಲ್ಕು ಕೋಟಿಗೂ ಜಾಸ್ತಿ ಮಿಡಿತ. ಒಂದು ಚೂರು ಮಾಹಿತಿಗೆ ನಾಲ್ಕು ಕೋಟಿ ಮಿಡಿತ ಕಾದು, ಬಂದ ತಕ್ಷಣ ಕ್ಷಣಾರ್ಧದಲ್ಲಿ ಕೆಲಸ ಮುಗಿಸಿ, ಮತ್ತೆ ಕಾಯುತ್ತದೆ. ಮುದುಕ ಅಂತ ನಾವು ಬೈಯುವುದು ಇಂಥವನನ್ನು!

ಇತಿಹಾಸ ನೋಡಿದರೆ ಈ ಕಾಯುವಿಕೆ ಎಷ್ಟು ಹಳೆಯದು ಅಂತ ಗೊತ್ತಾಗುತ್ತದೆ. ಮೊದಲ ಹಾರ್ಡ್ ಡಿಸ್ಕ್ ಮಾರಾಟಕ್ಕೆ ತಂದದ್ದು ಐಬಿಎಂ, 1956ರಲ್ಲಿ. ರಮ್ಯಾಕ್ ಅನ್ನುವ ಕಂಪ್ಯೂಟರ್ ಜೊತೆ ಬಂದ ಆ ಪೆಟ್ಟಿಗೆಯಲ್ಲಿ 24 ಇಂಚು ಅಗಲದ 50 ತಟ್ಟೆಗಳಿದ್ದವು. ಹಿಡಿಸುತ್ತಿದ್ದದ್ದು 50 ಲಕ್ಷ ಅಕ್ಷರ, ಇವತ್ತಿನ ಲೆಕ್ಕದಲ್ಲಿ ನಾಲ್ಕು ಎಂಬಿಗೂ ಕಡಿಮೆ. ಒಂದು ಮಾಹಿತಿ ಹುಡುಕಲು ಸುಮಾರು 600 ಮಿಲಿಸೆಕೆಂಡು ಬೇಕಿತ್ತು. ಅರವತ್ತು ವರ್ಷದ ನಂತರದ ಒಂದು ಟಿಬಿ ಲ್ಯಾಪ್‌ಟಾಪ್ ಡಿಸ್ಕ್ ಜೊತೆ ಹೋಲಿಸಿ. ಹಿಡಿಸುವ ಮಾಹಿತಿ ಎರಡೂವರೆ ಲಕ್ಷ ಪಟ್ಟು ಹೆಚ್ಚಾಯಿತು. ಹುಡುಕುವ ವೇಗ ಹೆಚ್ಚಾಗಿದ್ದು ಬರೀ 35 ಪಟ್ಟು. ತೋಳು ಲೋಹದ್ದು, ಅದಕ್ಕೆ ತೂಕವಿದೆ. ತೂಕ ಇರುವ ವಸ್ತುವನ್ನು ಓಡಿಸಿ ನಿಲ್ಲಿಸುವುದಕ್ಕೆ ಸಮಯ ಬೇಕೇ ಬೇಕು. ನ್ಯೂಟನ್‌ನ ನಿಯಮವನ್ನು ಯಾವ ಆಪರೇಟಿಂಗ್ ಸಿಸ್ಟಮ್ಮೂ ಅಪ್‌ಡೇಟ್ ಮಾಡಲಾರದು.

ಬಿಡುಗಡೆ ಸಿಕ್ಕಿದ್ದು ತೋಳನ್ನೇ ತೆಗೆದುಹಾಕಿದಾಗ. 1967ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಡಾವನ್ ಕಾಂಗ್ ಮತ್ತು ಸೈಮನ್ ಝೀ ಒಂದು ಉಪಾಯ ಕಂಡುಹಿಡಿದರು. ಟ್ರಾನ್ಸಿಸ್ಟರ್ ಒಳಗೆ, ಸುತ್ತಲೂ ವಿದ್ಯುತ್ ಹರಿಯದ ಪದರ ಇರುವ ಒಂದು ಪುಟ್ಟ ಜಾಗ ಮಾಡಿ ಅಲ್ಲಿ ಎಲೆಕ್ಟ್ರಾನ್‌ಗಳನ್ನು ಕೂಡಿಹಾಕುವುದು. ಕರೆಂಟ್ ಹೋದರೂ ಅವು ಅಲ್ಲೇ ಇರುತ್ತವೆ. ಎಲೆಕ್ಟ್ರಾನ್ ಇದೆಯಾ ಇಲ್ಲವಾ, ಅದೇ ಬರಹ. ಇದನ್ನು ಅಗ್ಗವಾಗಿ, ಒತ್ತೊತ್ತಾಗಿ ಜೋಡಿಸುವ ದಾರಿಯನ್ನು 1980ರ ದಶಕದಲ್ಲಿ ತೋರಿಸಿದವರು ಜಪಾನಿನ ತೋಷಿಬಾದಲ್ಲಿದ್ದ ಫುಜಿಯೊ ಮಸುವೊಕಾ. ನಮ್ಮ ಪೆನ್‌ಡ್ರೈವ್, ಮೊಬೈಲ್, ಹಾರ್ಡ್ ಡಿಸ್ಕ್ ಬದಲಿಗೆ ಹಾಕುವ, ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಎಲ್ಲದರ ಬೇರು ಅಲ್ಲಿದೆ. ಎಸ್‌ಎಸ್‌ಡಿಯಲ್ಲಿ ಒಂದು ಚೂರು ಹುಡುಕಲು ಸುಮಾರು ಒಂದು ಮಿಲಿಸೆಕೆಂಡಿನ ಹತ್ತನೇ ಒಂದು ಭಾಗ ಸಾಕು. ಸೆಕೆಂಡಿಗೆ 60 ಇದ್ದದ್ದು ಹತ್ತು ಸಾವಿರ ಆಗುತ್ತದೆ, ಅದೂ ಒಂದಾದ ಮೇಲೆ ಒಂದರಂತೆ ಕೇಳಿದರೆ. ಒಟ್ಟಿಗೆ ಕೇಳಿದರೆ ಇನ್ನೂ ಜಾಸ್ತಿ.

ಅದಕ್ಕೇ ನಾನು ಹೇಳುವುದು, ಹೊಸ ಆಪರೇಟಿಂಗ್ ಸಿಸ್ಟಮ್ ಹಾಕುವ ಮುಂಚೆ ಡಿಸ್ಕ್ ಬದಲಿಸಿ. ಹಾರ್ಡ್ ಡಿಸ್ಕ್ ಮೇಲೆ ಹೊಸ ವಿಂಡೋಸ್ ಹಾಕಿಸಿಕೊಂಡು "ಮೊದಲಿಗಿಂತ ಸ್ಲೋ ಆಯ್ತು" ಅಂತ ಗೋಳಾಡುವವರನ್ನು ನೋಡಿದರೆ ಸಂಕಟವಾಗುತ್ತದೆ. ಹಿಂದಿನ ಮುಚ್ಚಳದ ಸ್ಕ್ರೂ ತೆಗೆದರೆ ಎರಡೂವರೆ ಇಂಚಿನ ಡಿಸ್ಕ್ ಒಂದು ತಗಡಿನ ಚೌಕಟ್ಟಿನಲ್ಲಿ ಕೂತಿರುತ್ತದೆ. ಪಕ್ಕಕ್ಕೆ ಎಳೆದರೆ ಸಾಟಾ ಕನೆಕ್ಟರ್‌ನಿಂದ ಬಿಡುತ್ತದೆ. ಅದೇ ಚೌಕಟ್ಟಿಗೆ ಎಸ್‌ಎಸ್‌ಡಿ ಬಿಗಿದು ಅದೇ ಜಾಗಕ್ಕೆ ತಳ್ಳಿದರೆ ಆಯಿತು. ಕೆಲವು ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಮಾತ್ರ ಡಿಸ್ಕ್ ಬದಲು ಫೈಲ್ ಇಡುವ ಚಿಪ್ಪನ್ನೇ ಬೋರ್ಡಿಗೆ ಬೆಸೆದಿರುತ್ತಾರೆ, ಅವಕ್ಕೆ ಈ ದಾರಿ ಇಲ್ಲ. ರ‍್ಯಾಮ್ 4 ಜಿಬಿ ಇದ್ದರೆ 8 ಮಾಡಿಸಿ. ರ‍್ಯಾಮ್ ತುಂಬಿದಾಗ ಸಿಸ್ಟಮ್ ಉಳಿದದ್ದನ್ನು ಡಿಸ್ಕಿಗೆ ಬರೆದಿಡುತ್ತದೆ. ಅಲ್ಲಿಗೆ ಮತ್ತೆ ಡಿಸ್ಕಿನ ಬಾಗಿಲಿಗೇ ಬಂದು ನಿಂತ ಹಾಗಾಯಿತು.

ಈಗ ಹನ್ನೊಂದರ ವಿಷಯ. ಪ್ರೊಸೆಸರ್ ಹೆಸರಿನಲ್ಲಿರುವ ಅಂಕಿ ನೋಡಿ. ಐ5-7200ಯು ಅಂದರೆ ಏಳನೇ ತಲೆಮಾರು, ಐ5-8250ಯು ಅಂದರೆ ಎಂಟನೆಯದು. ಇಂಟೆಲ್‌ನಲ್ಲಿ ಎಂಟರಿಂದ ಮೇಲಿನದನ್ನು ವಿಂಡೋಸ್ 11 ಒಪ್ಪುತ್ತದೆ, ಏಳನೆಯದರಲ್ಲಿ ಬೆರಳೆಣಿಕೆಯಷ್ಟನ್ನು ಬಿಟ್ಟರೆ ಉಳಿದವನ್ನು ಒಪ್ಪುವುದಿಲ್ಲ. ಜೊತೆಗೆ ಟಿಪಿಎಂ 2.0 ಇರಬೇಕು. ಇದು ಗುಟ್ಟಿನ ಕೀಲಿಗಳನ್ನು ತನ್ನೊಳಗೇ ಇಟ್ಟುಕೊಳ್ಳುವ ಸಣ್ಣ ಭದ್ರತಾ ವ್ಯವಸ್ಥೆ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಅದು ಇರುತ್ತದೆ, ಬಯಾಸ್‌ನಲ್ಲಿ (ವಿಂಡೋಸ್‌ಗೂ ಮುಂಚೆ ಎದ್ದೇಳುವ, ಬೋರ್ಡಿನಲ್ಲೇ ಇರುವ ಮೂಲ ಪ್ರೋಗ್ರಾಂ) ಆಫ್ ಆಗಿರುತ್ತದೆ ಅಷ್ಟೆ. ಆನ್ ಮಾಡಿದರೆ ಸಾಕು. ನಿಯಮ ತಪ್ಪಿಸಿ ಹನ್ನೊಂದು ಹಾಕಿಕೊಡುವ ಅಂಗಡಿಗಳೂ ಇವೆ. ಹಾಕಬಹುದು ನಿಜ. ಆದರೆ ಅಂಥ ಯಂತ್ರಗಳಿಗೆ ಅಪ್‌ಡೇಟ್ ಕೊಡುತ್ತೇವೆ ಅಂತ ಮೈಕ್ರೋಸಾಫ್ಟ್ ಭರವಸೆ ಕೊಡುವುದಿಲ್ಲ. ಬ್ಯಾಂಕ್ ವ್ಯವಹಾರ ಮಾಡುವ ಲ್ಯಾಪ್‌ಟಾಪಿನಲ್ಲಿ ನಾನಂತೂ ಆ ಕೆಲಸಕ್ಕೆ ಹೋಗುವುದಿಲ್ಲ. ಹತ್ತರಲ್ಲೇ ಇರುವವರಿಗೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಪಡೆಯುವ ಒಂದು ಯೋಜನೆಯನ್ನು ಮೈಕ್ರೋಸಾಫ್ಟ್ ಪ್ರಕಟಿಸಿತು. ಅದಕ್ಕೆ ನಾವೇ ನೋಂದಾಯಿಸಿಕೊಳ್ಳಬೇಕು.

ಆರನೇ, ಏಳನೇ ತಲೆಮಾರಿನ ಲ್ಯಾಪ್‌ಟಾಪ್‌ಗೆ ನನ್ನ ಆಯ್ಕೆ ವಿಂಡೋಸ್ ಬದಲಿಗೆ ಹಾಕಬಹುದಾದ ಇನ್ನೊಂದು ಆಪರೇಟಿಂಗ್ ಸಿಸ್ಟಮ್, ಲಿನಕ್ಸ್. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಶುರು ಮಾಡಿದ ಕೆಲಸ ಇವತ್ತು ಲಿನಕ್ಸ್ ಮಿಂಟ್, ಉಬುಂಟು ಅಂತ ನಮ್ಮ ಕೈಗೆ ಉಚಿತವಾಗಿ ಸಿಗುತ್ತಿದೆ. 8 ಜಿಬಿ ಪೆನ್‌ಡ್ರೈವ್‌ಗೆ ಬರೆದು, ಡಿಸ್ಕ್ ಮುಟ್ಟದೆ, ಅದರಿಂದಲೇ ಓಡಿಸಿ ನೋಡಬಹುದು. ವೈಫೈ ಹಿಡಿಯುತ್ತದಾ, ಪ್ರಿಂಟರ್ ಕೇಳುತ್ತದಾ ಅಂತ ನೋಡಿಕೊಂಡು ಆಮೇಲೆ ಹಾಕಿ. ಕನ್ನಡಕ್ಕೆ ಗುಬ್ಬಿ, ನವಿಲು ಅನ್ನುವ ಚಂದದ ಫಾಂಟ್‌ಗಳಿವೆ. ಲೆಕ್ಕಪತ್ರದ ಟ್ಯಾಲಿ, ಕನ್ನಡ ಟೈಪಿಂಗಿನ ನುಡಿ ಇಲ್ಲದೆ ಕೆಲಸ ನಡೆಯದವರು ವಿಂಡೋಸ್‌ನಲ್ಲೇ ಉಳಿಯುವುದು ಒಳ್ಳೆಯದು.

ನುಡಿಯ ಹಳೇ ಫೈಲ್ ಇರುವವರು ಒಂದು ವಿಷಯ ಗಮನಿಸಿ. ಯೂನಿಕೋಡ್ ಅಂದರೆ ಎಲ್ಲ ಭಾಷೆಯ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಜಾಗತಿಕ ಪದ್ಧತಿ. ಅದಕ್ಕೂ ಮುಂಚಿನ ನುಡಿ ಫೈಲ್‌ಗಳಲ್ಲಿ ನಿಜವಾಗಿ ಕನ್ನಡ ಅಕ್ಷರ ಇರುವುದಿಲ್ಲ. ಇಂಗ್ಲಿಷ್ ಮತ್ತಿತರ ಚಿಹ್ನೆಗಳಿರುತ್ತವೆ, ಅವಕ್ಕೆ ಫಾಂಟ್ ಕನ್ನಡದ ರೂಪ ತೊಡಿಸುತ್ತದೆ. ಹೊಸ ಸಿಸ್ಟಮ್‌ನಲ್ಲಿ ಆ ಫಾಂಟ್ ಇಲ್ಲದಿದ್ದರೆ ಸೊಸೈಟಿಯ ಠರಾವು, ತೋಟದ ಲೆಕ್ಕ ಎಲ್ಲ ಅರ್ಥವಿಲ್ಲದ ಗೀಟುಗಳ ಹಾಗೆ ಕಾಣುತ್ತದೆ. ಫೈಲ್ ಹಾಳಾಗಿದೆ ಅಂತ ಗಾಬರಿಯಾಗಿ ಅಳಿಸಿಬಿಡಬೇಡಿ. ಫಾಂಟ್ ಹಾಕಿದರೆ ಮತ್ತೆ ಕನ್ನಡ ಕಾಣುತ್ತದೆ. ಬಿಡುವಾದಾಗ ಕನ್ವರ್ಟರ್ ಬಳಸಿ ಯೂನಿಕೋಡ್‌ಗೆ ಬದಲಿಸಿಕೊಳ್ಳಿ.

ಮಳೆಗಾಲದಲ್ಲಿ ಅಪ್‌ಗ್ರೇಡ್ ಮಧ್ಯೆ ಕರೆಂಟ್ ಹೋದರೆ ಗತಿ ಏನು ಅನ್ನುವ ಭಯ ನಮ್ಮ ಕಡೆ ಸಹಜ. ಹಳೇ ಬ್ಯಾಟರಿ ನಂಬುವ ಹಾಗಿಲ್ಲ ಅಲ್ವಾ? ವಿಂಡೋಸ್ ಬದಲಾವಣೆಯನ್ನು ಮೊದಲು ಡಿಸ್ಕಿನ ಒಂದು ದಾಖಲೆಯಲ್ಲಿ ಬರೆದುಕೊಂಡು ಆಮೇಲೆ ಮಾಡುತ್ತದೆ. ಹಳೇ ಸಿಸ್ಟಮ್ಮನ್ನೂ ಪಕ್ಕದಲ್ಲಿ ಎತ್ತಿಟ್ಟಿರುತ್ತದೆ. ಮಧ್ಯೆ ನಿಂತರೆ ಸಾಮಾನ್ಯವಾಗಿ ಮುಂದುವರಿಯುತ್ತದೆ, ಇಲ್ಲವೇ ಹಳೆಯದಕ್ಕೆ ಮರಳುತ್ತದೆ. ನಿಜಕ್ಕೂ ಅಪಾಯ ಇರುವುದು ಬಯಾಸ್ ಅಪ್‌ಡೇಟ್‌ನಲ್ಲಿ. ಅದನ್ನು ಯುಪಿಎಸ್ ಇಲ್ಲದೆ ಮಾಡಬೇಡಿ. ಏನೇ ಮಾಡುವ ಮುಂಚೆ ಫೋಟೋ, ಕಾಗದಪತ್ರ ಬೇರೆ ಕಡೆ ಕಾಪಿ ಆಗಿರಲಿ. ನೆಟ್ ನಿಧಾನ ಇರುವ ಊರಿನವರು ಐದಾರು ಜಿಬಿ ಡೌನ್‌ಲೋಡನ್ನು ಪೇಟೆಯಲ್ಲೇ ಪೆನ್‌ಡ್ರೈವ್‌ಗೆ ಮಾಡಿಕೊಂಡು ಬರುವುದು ವಾಸಿ.

ತೆಗೆದ ಹಾರ್ಡ್ ಡಿಸ್ಕನ್ನು ಗುಜರಿಗೆ ಹಾಕಬೇಡಿ. ಕಟಕಟ ಸದ್ದು ಮಾಡುತ್ತಿಲ್ಲ ಅಂದರೆ ಒಂದು ಯುಎಸ್‌ಬಿ ಕೇಸ್ ತಂದು ಅದರೊಳಗೆ ಹಾಕಿ. ಮದುವೆ ವಿಡಿಯೋ, ಯಕ್ಷಗಾನದ ರೆಕಾರ್ಡಿಂಗ್, ವರ್ಷಾನುವರ್ಷದ ಫೋಟೋಗಳ ಎರಡನೇ ಪ್ರತಿ ಇಡಲು ಅದು ಬಹಳ ಚೆನ್ನಾಗಿರುತ್ತದೆ. ರಾತ್ರಿಯಿಡೀ ನಡೆದ ಆಟದ ವಿಡಿಯೋ ಹಾಕಿ ನೋಡಿ, ಒಂದು ಕಡೆಯೂ ತಡೆಯುವುದಿಲ್ಲ. ಎಲ್ಲ ಸಾಲಾಗಿ ಕೂತಿರುವುದರಿಂದ ತೋಳು ಅತ್ತಿತ್ತ ಓಡಬೇಕಾಗಿಲ್ಲ.