ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರು ಬಸಳೆ ಬಿಡಬೇಕಾ?

ಪ್ರಶ್ನೆ: ನಮ್ಮ ಆಯಿಗೆ ಹೃದಯದ ವಾಲ್ವ್ ಬದಲಾಯಿಸಿ ಎರಡು ವರ್ಷವಾಯಿತು. ರಕ್ತ ತೆಳುವಾಗುವ ಮಾತ್ರೆ ತಗೊಳ್ತಾರೆ. ಬಸಳೆ, ಹರಿವೆ ಮುಟ್ಟಲೇಬಾರದು ಅಂತ ಪಕ್ಕದ ಮನೆಯವರು ಹೆದರಿಸಿದ್ದಾರೆ. ಹೌದಾ?
– ಅಂಕೋಲಾದ ಓದುಗರು

ಬಿಡುವುದು ಬೇಡ. ವಾರಕ್ಕೆ ಎಷ್ಟು ತಿನ್ನುತ್ತಿದ್ದರೋ ಅಷ್ಟೇ ತಿನ್ನಲಿ.

ಮೊದಲು ಮಾತ್ರೆಯ ಹೆಸರು ನೋಡಿ. ಲೋಹದ ವಾಲ್ವ್ ಹಾಕಿದವರಿಗೆ ಕೊಡುವುದು ವಾರ್ಫರಿನ್ ಅಥವಾ ಅಸೆನೊಕೂಮರಾಲ್. ಬರೀ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ತಗೊಳ್ಳುವವರಿಗೆ ಸೊಪ್ಪಿನ ಚಿಂತೆಯೇ ಇಲ್ಲ.

‘ತೆಳು’ ಅಂದರೂ ರಕ್ತವೇನೂ ನೀರಾಗುವುದಿಲ್ಲ. ರಕ್ತ ಹೆಪ್ಪುಗಟ್ಟಲು ಬೇಕಾದ ಕೆಲವು ಅಂಶಗಳನ್ನು ಲಿವರ್ ವಿಟಮಿನ್ ಕೆ ಬಳಸಿ ಮಾಡುತ್ತದೆ. ವಾರ್ಫರಿನ್, ಅಸೆನೊಕೂಮರಾಲ್ ಅದಕ್ಕೆ ಅಡ್ಡ ಬರುತ್ತವೆ. ಸೊಪ್ಪಿನಲ್ಲಿ ಆ ವಿಟಮಿನ್ ಜಾಸ್ತಿ. ಆಯಿ ದಿನಾ ಉಣ್ಣುವ ಊಟಕ್ಕೆ ತಕ್ಕಂತೆಯೇ ಡಾಕ್ಟರು, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ತೋರಿಸುವ ಐಎನ್‌ಆರ್ ಪರೀಕ್ಷೆ ನೋಡಿ ಡೋಸ್ ಹೊಂದಿಸಿರುತ್ತಾರೆ.

ನಮ್ಮ ಕಡೆ ಇದು ತಪ್ಪುವುದು ಮಳೆಗಾಲದಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧವಿದ್ದು ಟ್ರಾಲರ್‌ಗಳು ದಡದಲ್ಲೇ ಇರುತ್ತವೆ, ಮೀನು ತುಟ್ಟಿ. ಅದರ ಬೆನ್ನಿಗೇ ಶ್ರಾವಣ. ವಾರಕ್ಕೊಮ್ಮೆ ಶೆಟ್ಲಿ (ಸಿಗಡಿ) ಹಾಕಿ ಮಾಡುತ್ತಿದ್ದ ಬಸಳೆ ಈಗ ದಿನ ಬಿಟ್ಟು ದಿನ ಬರುತ್ತದೆ, ಉಳಿದ ದಿನ ಯಾವುದೋ ಸೊಪ್ಪಿನ ತಂಬುಳಿ. ಮಾತ್ರೆ ಮಾತ್ರ ಅಷ್ಟೇ. ಐಎನ್‌ಆರ್ ಇಳಿದು ವಾಲ್ವ್ ಮೇಲೆ ರಕ್ತ ಹೆಪ್ಪುಗಟ್ಟುವ ಭಯ. ಹೆದರಿ ಸೊಪ್ಪು ಪೂರ್ತಿ ಬಿಟ್ಟರೆ ಉಲ್ಟಾ, ಐಎನ್‌ಆರ್ ಏರಿ ರಕ್ತಸ್ರಾವ. ಮಾತ್ರೆ ಇಲ್ಲದವರಲ್ಲಿ ಐಎನ್‌ಆರ್ ಸುಮಾರು 1. ಇವರಿಗೆ ಸಾಮಾನ್ಯವಾಗಿ 2ರಿಂದ 3 ಬೇಕು, ಕೆಲವು ವಾಲ್ವ್‌ಗೆ 2.5ರಿಂದ 3.5. ಆಯಿಗೆ ಎಷ್ಟಿರಬೇಕು ಅಂತ ಫೈಲಿನಲ್ಲಿ ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ. ಅಡುಗೆ ಬದಲಾಗುವ ತಿಂಗಳಲ್ಲಿ ಪರೀಕ್ಷೆ ಬೇಗ ಮಾಡಿಸಬೇಕಾ ಅಂತಲೂ ಕೇಳಿ.

ನಿಜ ಹೇಳಬೇಕೆಂದರೆ ನನಗೆ ಬಸಳೆಗಿಂತ ಹೆದರಿಕೆ ಮಂಡಿನೋವಿನ ಮಾತ್ರೆಯದು. ಮೆಡಿಕಲ್ ಶಾಪಿನಲ್ಲಿ ಸುಮ್ನೆ ‘ನೋವಿಗೊಂದು ಕೊಡಿ’ ಅಂದರೆ ಡೈಕ್ಲೋಫೆನಾಕ್ ಅಥವಾ ಐಬುಪ್ರೊಫೇನ್ ಕೈಗೆ ಬರಬಹುದು. ರಕ್ತ ತೆಳುವಾಗುವ ಮಾತ್ರೆಯ ಜೊತೆ ಅದು ಸೇರಿದರೆ ಹೊಟ್ಟೆಯೊಳಗೆ ರಕ್ತ ಸೋರಬಹುದು, ಹೊರಗೆ ಗೊತ್ತೂ ಆಗುವುದಿಲ್ಲ. ಭೇದಿಗೆ ಕೊಡುವ ಮೆಟ್ರೊನಿಡಜೋಲ್, ಹುಳುಕಡ್ಡಿಗೆ ಕೊಡುವ ಫ್ಲುಕೊನಜೋಲ್ ಕೂಡ ಐಎನ್‌ಆರ್ ಏರಿಸುತ್ತವೆ. ಹೊಸ ಮಾತ್ರೆ ಏನೇ ಬಂದರೂ, ಹಳ್ಳಿ ಔಷಧಿಯಾದರೂ, ಮೊದಲು ಡಾಕ್ಟರಿಗೆ ಹೇಳಿ.

ಮರೆತ ಡೋಸ್ ಅದೇ ದಿನ ನೆನಪಾದರೆ ತಗೊಳ್ಳಲಿ. ಮರುದಿನ ಎರಡು ನುಂಗಬಾರದು. ಹಲ್ಲು ಕೀಳಿಸುವುದಿದ್ದರೆ ಹಲ್ಲಿನ ಡಾಕ್ಟರಿಗೆ ಮುಂಚೆಯೇ ತಿಳಿಸಿ, ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ.

ಮಲ ಟಾರಿನಂತೆ ಕಪ್ಪಗಾದರೆ, ಮೂತ್ರ ಕೆಂಪಾದರೆ, ಮೂಗಿನ ರಕ್ತ ನಿಲ್ಲದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿ ತಲೆಗೆ ಪೆಟ್ಟು ಬಿದ್ದರೂ ಅಷ್ಟೇ, ಗಾಯ ಕಾಣದಿದ್ದರೂ ಹೋಗಬೇಕು. ಹೊರಡುವಾಗ ಮಾತ್ರೆಯ ಸ್ಟ್ರಿಪ್, ಕೊನೆಯ ಐಎನ್‌ಆರ್ ಚೀಟಿ ಎರಡನ್ನೂ ಚೀಲಕ್ಕೆ ಹಾಕಿಕೊಳ್ಳಿ.