ಕಾಗದ ಬಿಡಬೇಕು, ಗಾಜು ಹಿಡ್ಕೋಬೇಕು

ಅಕ್ಕನಿಗೆ ಗಿಫ್ಟ್ ಕೊಡೋಣ ಅಂತ ಒಂದು ಗಾಜಿನ ಜಾರ್‌ಗೆ ವಿನೈಲ್ ಡೆಕಾಲ್, ಅಂದ್ರೆ ಪ್ಲಾಸ್ಟಿಕ್ ಹಾಳೆಯಿಂದ ಆಕಾರ ಕಟ್ ಮಾಡಿ ಅಂಟಿಸೋ ಸ್ಟಿಕರ್, ಮಾಡ್ತಿದ್ದೆ. "ಅಕ್ಕ" ಅಂತ ದಪ್ಪ ಅಕ್ಷರ, ಪಕ್ಕದಲ್ಲೊಂದು ಗುಬ್ಬಿ, ಅಷ್ಟೇ. ಮೆಷಿನ್ ನೀಟಾಗಿ ಕಟ್ ಮಾಡ್ತು, ಜಾರ್ ಮೇಲೆ ಒತ್ತಿದೆ, ಮೇಲಿನ ಟೇಪ್ (ಡೆಕಾಲನ್ನ ಕಾಗದದಿಂದ ಎತ್ತಿ ಗಾಜಿಗೆ ದಾಟಿಸೋ ಟ್ರಾನ್ಸ್‌ಫರ್ ಟೇಪ್) ಎಳೆದೆ, ಅಕ್ಷರ ಗಾಜಲ್ಲೇ ಉಳೀತು ಆದ್ರೆ ಗುಬ್ಬಿಯ ಎರಡು ಕಾಲೂ ಟೇಪ್ ಜೊತೆ ಎದ್ದು ಬಂದ್ವು. ಒಂದೇ ಹಾಳೆ, ಒಂದೇ ಅಂಟು, ಒಂದೇ ಗಾಜು, ಮತ್ಯಾಕೆ ಹೀಗೆ ಅಂತ ಹುಡುಕ್ತಾ ಹೋದಾಗ ಗೊತ್ತಾಗಿದ್ದು, ಇಡೀ ಡೆಕಾಲ್ ಕೆಲಸ ನಿಂತಿರೋದೇ ಯಾವುದು ಎಷ್ಟು ಗಟ್ಟಿಯಾಗಿ ಹಿಡ್ಕೊಳ್ಳುತ್ತೆ ಅನ್ನೋ ಲೆಕ್ಕದ ಮೇಲೆ.

ವಿನೈಲ್ ಹಾಳೇಲಿ ಮೂರು ಪದರ ಇರುತ್ತೆ. ಮೇಲೆ ಬಣ್ಣದ ಪ್ಲಾಸ್ಟಿಕ್, ಅದರ ಬೆನ್ನಿಗೆ ತೆಳ್ಳಗೆ ಅಕ್ರಿಲಿಕ್ ಅಂಟು, ಅದರ ಕೆಳಗೆ ಸಿಲಿಕೋನ್ ಬಳಿದ ಕಾಗದ. ಸಿಲಿಕೋನ್ ಮೇಲೆ ಈ ಥರದ ಅಂಟು ಸರಿಯಾಗಿ ಕೂರಲ್ಲ, ಅದಕ್ಕೇ ಕಾಗದ ಸುಲಭವಾಗಿ ಬಿಡುತ್ತೆ. ಟ್ರಾನ್ಸ್‌ಫರ್ ಟೇಪ್ ಹಿಡಿತ ಕಾಗದಕ್ಕಿಂತ ಸ್ವಲ್ಪ ಜಾಸ್ತಿ ಇರ್ಬೇಕು, ಗಾಜಿನ ಹಿಡಿತ ಟೇಪ್‌ಗಿಂತ ಜಾಸ್ತಿ ಇರ್ಬೇಕು. ಡೆಕಾಲ್ ಒಂದೊಂದೇ ಮೆಟ್ಟಿಲು ಹತ್ತಿದ ಹಾಗೆ ಕಾಗದದಿಂದ ಟೇಪಿಗೆ, ಟೇಪಿಂದ ಗಾಜಿಗೆ ಹೋಗುತ್ತೆ, ಈ ಕ್ರಮ ಎಲ್ಲಿ ತಪ್ಪಿದ್ರೂ ಕೆಲಸ ಕೆಡುತ್ತೆ.

ಈ ಅಂಟು ಒಂದು ವಿಚಿತ್ರ ವಸ್ತು ಕಣ್ರೀ. ಫೆವಿಕಾಲ್ ಥರ ಒಣಗಿ ಗಟ್ಟಿಯಾಗೋದಲ್ಲ, ಯಾವಾಗ್ಲೂ ಅರ್ಧ ದ್ರವ ಅರ್ಧ ಘನ ಆಗೇ ಇರುತ್ತೆ. ನಿಧಾನಕ್ಕೆ ಒತ್ತಿದ್ರೆ ಹರಿಯುತ್ತೆ, ಫಟ್ ಅಂತ ಎಳೆದ್ರೆ ರಬ್ಬರ್ ಥರ ತಡೆಯುತ್ತೆ. ಹರಿಯೋದು ಯಾಕೆ ಬೇಕು ಅಂದ್ರೆ, ಅಣುಗಳ ನಡುವಿನ ವಾನ್ ಡರ್ ವಾಲ್ಸ್ ಆಕರ್ಷಣೆ ನ್ಯಾನೋಮೀಟರ್ ಲೆಕ್ಕದ ದೂರದಲ್ಲಿ ಮಾತ್ರ ಕೆಲಸ ಮಾಡುತ್ತೆ, ಕಣ್ಣಿಗೆ ನುಣುಪಾಗಿ ಕಾಣೋ ಗಾಜಲ್ಲೂ ಸಣ್ಣ ಸಣ್ಣ ಏರುಪೇರು ಇರುತ್ತೆ, ಅಂಟು ಅಲ್ಲೆಲ್ಲಾ ಇಳಿದು ಮುಟ್ಟಿದ್ರೇನೇ ಹಿಡಿತ. 3ಎಂ ಕಂಪನಿಯ ವಿಜ್ಞಾನಿ ಕಾರ್ಲ್ ಡಾಲ್‌ಕ್ವಿಸ್ಟ್ ಇದಕ್ಕೊಂದು ಅಳತೆ ಕೊಟ್ರು. ಒತ್ತಿದ್ರೆ ಅಂಟೋ ವಸ್ತುವಿನ ಬಿಗಿತ (ಅಳೆಯೋ ಮಾನ ಪಾಸ್ಕಲ್) ಸುಮಾರು 3 ಲಕ್ಷ ಪಾಸ್ಕಲ್‌ಗಿಂತ ಕಡಿಮೆ ಇರ್ಬೇಕಂತೆ, ಅದಕ್ಕಿಂತ ಬಿಗಿಯಾದ್ರೆ ಮೈಗೆ ಮೈ ತಾಗಲ್ಲ. ಗಾಜಿನ ಬಿಗಿತ ಸುಮಾರು 7000 ಕೋಟಿ ಪಾಸ್ಕಲ್, ಹೋಲಿಸಿ ನೋಡಿ ಅಂಟು ಎಷ್ಟು ಮೆತ್ತಗಿದೆ ಅಂತ. ಬೆರಳಿನ ಎಣ್ಣೆ ಪದರ ಮಧ್ಯೆ ಬಂದ್ರೂ ಸಾಕು, ಅಂಟು ಗಾಜನ್ನ ಮುಟ್ಟದೆ ಎಣ್ಣೇನ ಮುಟ್ಟುತ್ತೆ. ಅದಕ್ಕೇ ಮೊದ್ಲು ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿ, ಆಮೇಲೆ ಆ ಜಾಗ ಮುಟ್ಟಲೇಬೇಡಿ. ಪಾಲಿಥೀನ್, ಟೆಫ್ಲಾನ್ ಥರದ ಮೈ ಮೇಲೆ ಎಷ್ಟು ಒರೆಸಿದ್ರೂ ಕಷ್ಟ, ಯಾಕಂದ್ರೆ ಅವುಗಳ ಮೇಲ್ಮೈ ಶಕ್ತಿನೇ (ಬೇರೆ ವಸ್ತುವನ್ನ ತನ್ನತ್ತ ಎಳೆದು ಹಿಡಿಯೋ ಗುಣ) ಕಮ್ಮಿ.

ಪ್ಲಾಸ್ಟಿಕ್ ಬಗ್ಗೆ ಚೂರು ಹೇಳ್ತೀನಿ. ವಿನೈಲ್ ಹಾಳೆಯ ಪ್ಲಾಸ್ಟಿಕ್ ಅಂದ್ರೆ ಪಿವಿಸಿ (ಪಾಲಿವಿನೈಲ್ ಕ್ಲೋರೈಡ್), ಅದು ಮೂಲದಲ್ಲಿ ಗಟ್ಟಿ ವಸ್ತು, 1872ರಲ್ಲಿ ಜರ್ಮನಿಯ ಯೂಜೆನ್ ಬೌಮನ್ ಬಿಸಿಲಿಗಿಟ್ಟ ವಿನೈಲ್ ಕ್ಲೋರೈಡ್ ಫ್ಲಾಸ್ಕಲ್ಲಿ ಬಿಳಿ ಪುಡಿಯಾಗಿ ಕಂಡಿದ್ದು. ಅದನ್ನ ಬಾಗೋ ಹಾಗೆ ಮಾಡಿದ್ದು 1926ರಲ್ಲಿ ಬಿ.ಎಫ್. ಗುಡ್‌ರಿಚ್ ಕಂಪನಿಯ ವಾಲ್ಡೋ ಸೆಮನ್, ಅವ್ರು ಹುಡುಕ್ತಾ ಇದ್ದಿದ್ದು ರಬ್ಬರನ್ನ ಲೋಹಕ್ಕೆ ಅಂಟಿಸೋ ಅಂಟು! ಈಗ ಹಾಳೆ ಎರಡು ಥರ ಸಿಗುತ್ತೆ, ರೋಲರ್ ಮಧ್ಯೆ ಒತ್ತಿ ಎಳೆದ ಕ್ಯಾಲೆಂಡರ್ಡ್, ದ್ರವವಾಗಿ ಸುರಿದು ಒಣಗಿಸಿದ ಕಾಸ್ಟ್. ಎಳೆದಿದ್ದು ಒಳಗೊಳಗೇ ತನ್ನ ಹಳೇ ಅಳತೆಗೆ ವಾಪಸ್ ಹೋಗೋಕೆ ನೋಡುತ್ತೆ, ವರ್ಷ ಕಳೆದ್ರೆ ಅಂಚು ಸ್ವಲ್ಪ ಕುಗ್ಗಬಹುದು, ಸುರಿದಿದ್ದಕ್ಕೆ ಆ ಎಳೆತ ಇರಲ್ಲ. ಮನೆ ಒಳಗಿನ ಜಾರ್‌ಗೆ ಕ್ಯಾಲೆಂಡರ್ಡ್ ಧಾರಾಳ ಸಾಕು. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳ್ತೀನಿ, ಪಿವಿಸಿನ ಲೇಸರಲ್ಲಿ ಕಟ್ ಮಾಡ್ಬೇಡಿ, ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತೆ, ಶ್ವಾಸಕೋಶನೂ ಹಾಳು ಮೆಷಿನ್ನೂ ಹಾಳು.

ಡಿಸೈನಿಗೆ ಬನ್ನಿ. ಫೋಟೋ ಅಂದ್ರೆ ಚುಕ್ಕಿಗಳ ರಾಶಿ, ಬ್ಲೇಡಿಗೆ ಚುಕ್ಕಿ ಅರ್ಥ ಆಗಲ್ಲ, ಗೆರೆ ಬೇಕು. ಹಾಗಾಗಿ ವೆಕ್ಟರ್ ಫೈಲ್, ಅಂದ್ರೆ ಚಿತ್ರವನ್ನ ಗೆರೆಗಳಾಗಿ ಇಟ್ಟಿರೋ ಫೈಲ್. ಅದರಲ್ಲಿರೋ ಬಾಗು ಗೆರೆಗಳು ಕಾರ್ ಮೈ ಡಿಸೈನ್ ಮಾಡೋಕೆ ಅಂತ ಹುಟ್ಟಿದ್ದು, ಸಿಟ್ರೋಯೆನ್‌ನಲ್ಲಿ ಪಾಲ್ ದ ಕಾಸ್ಟೆಲ್ಜೋ 1959ರಲ್ಲಿ, ರೆನೋದಲ್ಲಿ ಪಿಯರ್ ಬೆಜಿಯೇ 1960ರ ದಶಕದಲ್ಲಿ ಬೇರೆಬೇರೆಯಾಗಿ ಕಂಡುಕೊಂಡಿದ್ದು. ನಾಲ್ಕೇ ಬಿಂದು ಕೊಟ್ರೆ ಒಂದು ಬಾಗು ಸಿಗುತ್ತೆ, ಎಷ್ಟು ದೊಡ್ಡದು ಮಾಡಿದ್ರೂ ಒರಟಾಗಲ್ಲ. ನಮ್ಮ ಅಕ್ಷರಗಳು ಹೆಚ್ಚಾಗಿ ಬಾಗುಗಳೇ ಅಲ್ವಾ, ಬ್ಲೇಡಿಗೂ ದುಂಡನೆ ದಾರಿ ಅಂದ್ರೆ ಸಲೀಸು. ಆದ್ರೆ ಒಂದು ಕಡೆ ಕನ್ನಡ ಕೈಕೊಡುತ್ತೆ, ಒತ್ತಕ್ಷರದಲ್ಲಿ. "ಕ್ಕ" ಅಂದಾಗ ಕೆಲವು ಫಾಂಟಲ್ಲಿ ಒತ್ತು ಮೇಲಿನ ಕ ಜೊತೆ ಸ್ವಲ್ಪ ಮೇಲೆಮೇಲೆ ಬಿದ್ದಿರುತ್ತೆ, ಸ್ಕ್ರೀನಲ್ಲಿ ಎರಡೂ ಒಂದೇ ಬಣ್ಣ ಆಗಿರೋದ್ರಿಂದ ಕಾಣಲ್ಲ, ಆದ್ರೆ ಬ್ಲೇಡು ಎರಡರ ಅಂಚನ್ನೂ ಕೊಯ್ಯುತ್ತೆ, ಅಕ್ಷರದ ಮಧ್ಯ ಗೀರು ಬೀಳುತ್ತೆ. ಕಟ್‌ಗೆ ಮುಂಚೆ ಸಾಫ್ಟ್‌ವೇರಲ್ಲಿ ವೆಲ್ಡ್ (ಆಕಾರಗಳನ್ನ ಬೆಸೆಯೋ ಆಯ್ಕೆ) ಕೊಟ್ಟು ಒಂದೇ ಆಕಾರ ಮಾಡ್ಕೊಳ್ಳಿ. ಔಟ್‌ಲೈನ್ ಮೋಡಲ್ಲಿ, ಅಂದ್ರೆ ಬಣ್ಣ ಇಲ್ದೆ ಬರೀ ಅಂಚಿನ ಗೆರೆ ಕಾಣೋ ಹಾಗೆ, ನೋಡಿದ್ರೆ ಎಲ್ಲಾ ಗುಟ್ಟೂ ಬಯಲಾಗುತ್ತೆ.

ಬ್ಲೇಡ್ ತಿರುಗೋದನ್ನ ನೋಡೋದೇ ನಂಗೆ ಖುಷಿ. ಅದನ್ನ ಮೋಟಾರ್ ತಿರುಗಿಸಲ್ಲ. ಬ್ಲೇಡಿನ ತುದಿ ಅದರ ಅಕ್ಷದಿಂದ ಸುಮಾರು 0.25 ಮಿಲಿಮೀಟರ್ ಹಿಂದಿರುತ್ತೆ, ಟ್ರಾಲಿ ಚಕ್ರ ಎಳೆದ ಕಡೆ ತಾನೇ ತಿರುಗೋ ಹಾಗೆ ಇದೂ ತಿರುಗುತ್ತೆ. ಚೂಪು ಮೂಲೇಲಿ ಮಾತ್ರ ಸಾಫ್ಟ್‌ವೇರ್ ಅಷ್ಟೇ ದೂರ ಮುಂದೆ ಹೋಗಿ, ಚಿಕ್ಕ ಕಮಾನು ಹೊಡೆದು ತುದೀನ ತಿರುಗಿಸುತ್ತೆ. ಆಳ ಎಷ್ಟಿರ್ಬೇಕಂದ್ರೆ ಪ್ಲಾಸ್ಟಿಕ್ ಮತ್ತು ಅಂಟು ಪೂರ್ತಿ ಕಟ್ ಆಗ್ಬೇಕು, ಕಾಗದಕ್ಕೆ ಗೀರಷ್ಟೇ ಬೀಳ್ಬೇಕು. ಹಾಳೆ ದಪ್ಪ 50ರಿಂದ 80 ಮೈಕ್ರಾನ್ ಆಸುಪಾಸು, ಹಾಗಾಗಿ ಮೂಲೇಲಿ ಒಂದು ಚಿಕ್ಕ ಚೌಕ ಕಟ್ ಮಾಡಿ ಟೆಸ್ಟ್ ಮಾಡದೆ ಮುಂದೆ ಹೋಗ್ಲೇಬೇಡಿ. ಆಮೇಲೆ ಬೇಡದ ವಿನೈಲ್ ಕಿತ್ತು ತೆಗೆಯೋದು, ಅದಕ್ಕೆ ತಾಳ್ಮೆ ಇದ್ರೆ ಸಾಕು.

ಈಗ ಗುಬ್ಬಿ ಕಾಲು. ನಾನು ಬರೆದ ಕಾಲು ಅರ್ಧ ಮಿಲಿಮೀಟರ್ ಅಗಲ, ಗಾಜನ್ನ ಮುಟ್ಟೋ ಜಾಗನೇ ಕಮ್ಮಿ, ಪೂರಾ ಅಂಚೇ. ಎರಡನೇದು, ಅಂಟಿಗೆ ಹರಿಯೋಕೆ ಟೈಮೇ ಕೊಡ್ಲಿಲ್ಲ. ಮೂರನೇದು, ಟೇಪನ್ನ ನೇರ ಮೇಲಕ್ಕೆ ಎಳೆದೆ, ಹಾಗೆ ಎಳೆದ್ರೆ ಎಳೆತವೆಲ್ಲಾ ಡೆಕಾಲನ್ನ ಗಾಜಿಂದ ಎತ್ತೋ ದಿಕ್ಕಲ್ಲೇ ಹೋಗುತ್ತೆ. ಟೇಪನ್ನ ಹಿಂದಕ್ಕೆ ಮಡಚಿ ಗಾಜಿಗೆ ಸಮಾನಾಂತರವಾಗಿ, ಅಂದ್ರೆ 180 ಡಿಗ್ರೀಲಿ ಎಳೆದ್ರೆ ಎಳೆತ ಗಾಜಿನ ಉದ್ದಕ್ಕೆ ಹೋಗುತ್ತೆ, ಮತ್ತೆ ಸಿಪ್ಪೆ ಸುಲಿಯೋ ಸರಳ ಲೆಕ್ಕದ ಪ್ರಕಾರ 90 ಡಿಗ್ರೀಲಿ ಬೇಕಾಗೋ ಬಲದ ಅರ್ಧ ಸಾಕು. ನಿಧಾನಕ್ಕೆ ಎಳೆದ್ರೆ ಟೇಪಿನ ಅಂಟು ಇನ್ನೂ ಮೆತ್ತಗೆ ಬಿಡುತ್ತೆ.

ಎರಡನೇ ಸಲ ಕಾಲನ್ನ ಒಂದೂವರೆ ಮಿಲಿಮೀಟರ್ ಮಾಡಿದೆ, ಪ್ಲಾಸ್ಟಿಕ್ ಕಾರ್ಡಲ್ಲಿ ನಡುವಿಂದ ಅಂಚಿಗೆ ಚೆನ್ನಾಗಿ ಉಜ್ಜಿದೆ, ಒಂದು ಗಂಟೆ ಬಿಟ್ಟು ಟೇಪನ್ನ ಮಡಚಿ ಎಳೆದೆ, ಗುಬ್ಬಿ ಕಾಲೂರಿ ನಿಂತ್ಕೊಳ್ತು. ಅಂಟು ಪೂರ್ತಿ ಕೂರೋಕೆ 24ರಿಂದ 72 ಗಂಟೆ ಬೇಕು, ಅಲ್ಲಿವರೆಗೆ ಜಾರ್ ತೊಳೀಬಾರ್ದು, ಹಾಗಾಗಿ ಕೊಡೋ ದಿನಕ್ಕೆ ಮೂರು ದಿನ ಮುಂಚೆನೇ ಅಂಟಿಸಿಟ್ಟೆ. ಮುಂದೆ ಯಾವತ್ತಾದ್ರೂ ಅಕ್ಕನಿಗೆ ಅದನ್ನ ತೆಗೀಬೇಕು ಅನ್ಸಿದ್ರೆ ಹೇರ್ ಡ್ರೈಯರ್ ಬಿಸಿ ಗಾಳಿ ಹಿಡಿದು ಒಂದು ಮೂಲೆಯಿಂದ ಮೆಲ್ಲಗೆ ಎಬ್ಬಿಸು ಅಂತ ಜಾರ್ ಒಳಗೆ ಚೀಟಿ ಬರೆದು ಹಾಕಿದ್ದೀನಿ.